2 ಘನಮೀಟರಿನ ದೀನಬಂಧು ಗೋಬರ್ ಗ್ಯಾಸು: ಉರಿಸುವಷ್ಟೇ ಸಗಣಿ ಹಾಕಿದರೆ ಇದಕ್ಕಿಂತ ಒಳ್ಳೆಯದಿಲ್ಲ

ಜುಲೈ ಬಂತೆಂದರೆ ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಈಗ ಒಂದೇ ದಿಗಿಲು. 2021ರ ಜುಲೈಯಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ಗುಡ್ಡ ಜಾರಿ ತೋಟಗಳನ್ನೇ ನುಂಗಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಂತು. ಗುಡ್ಡ ಕಡಿದದ್ದು, ನೀರಿನ ದಾರಿ ಕೆಡಿಸಿದ್ದು ಎಲ್ಲ ಸೇರಿಯೇ ಹೀಗಾಗುವುದು. ಆದರೆ ಮಳೆ ಬೀಳುವ ರೀತಿ ಬದಲಾಗಿದೆ ಎಂಬುದು ತೋಟ ಇದ್ದವರಿಗೆ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ‘ಇದಕ್ಕೆ ನಮ್ಮ ಮನೆಯಿಂದ ಏನು ಮಾಡಲಿಕ್ಕಾಗುತ್ತದೆ?’ ಎಂದು ಕೇಳುವವರಿಗೆ ಬಟ್ಟೆ ಚೀಲ ಹಿಡಿಯಿರಿ, ಲೈಟು ಆರಿಸಿ ಎಂದು ಹೇಳುವುದು ಸುಲಭ. ಮಾಡಬೇಕಾದ ಕೆಲಸಗಳೇ ಅವು, ಆದರೆ ಅವುಗಳಿಂದ ಮನಸ್ಸಿಗೆ ಬರುವ ಸಮಾಧಾನ ಸ್ವಲ್ಪವೇ, ಏಕೆಂದರೆ ಎಷ್ಟು ಉಳಿಯಿತು ಎಂದು ಕಣ್ಣಿಗೆ ಕಾಣುವುದಿಲ್ಲ. ಗೋಬರ್ ಗ್ಯಾಸಿನದು ಹಾಗಲ್ಲ. ಬೆಳಿಗ್ಗೆ ಹಾಕಿದ ಬಕೆಟ್ಟು ಎಷ್ಟು, ಒಲೆ ಉರಿದದ್ದು ಎಷ್ಟು ಹೊತ್ತು, ಸಿಲಿಂಡರು ಎಷ್ಟು ದಿನ ಬಂತು, ಎಲ್ಲಕ್ಕೂ ಮನೆಯಲ್ಲೇ ಲೆಕ್ಕ ಸಿಗುತ್ತದೆ. ಆತಂಕಕ್ಕೆ ಇಂಥ ಲೆಕ್ಕವಿರುವ ಕೆಲಸ ಒಳ್ಳೆಯ ಮದ್ದು.

ಇಲ್ಲಿ ಪರಿಶೀಲಿಸಿರುವುದು ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಹೆಚ್ಚಾಗಿ ಕಟ್ಟುವ 2 ಘನಮೀಟರ್ ಅಳತೆಯ, ಅಂದರೆ ದಿನಕ್ಕೆ ಅಷ್ಟು ಗ್ಯಾಸು ಕೊಡುವ, ದೀನಬಂಧು ಮಾದರಿಯನ್ನು. ತೀರ್ಪು ಮೊದಲೇ ಹೇಳಿಬಿಡುವುದು ಒಳ್ಳೆಯದು: ಕೊಟ್ಟಿಗೆಯಲ್ಲಿ ದಿನಕ್ಕೆ 30 ಕಿಲೋ ಸಗಣಿ ಖಾತ್ರಿಯಾಗಿ ಸಿಗುವ, ನಾಲ್ಕೈದು ಜನ ಊಟ ಮಾಡುವ ಮನೆಗೆ ಕಣ್ಣು ಮುಚ್ಚಿ ಶಿಫಾರಸು ಮಾಡಬಹುದು. ಸಗಣಿ ಅದಕ್ಕಿಂತ ಕಡಿಮೆ ಇದ್ದರೆ 1 ಘನಮೀಟರಿನದು ಸಾಕು. ಗ್ಯಾಸು ಉರಿಸುವವರಿಲ್ಲದೆ ಸುಮ್ಮನೆ ಗೊಬ್ಬರಕ್ಕಾಗಿ ಕಟ್ಟಿಸುವುದಾದರೆ ಬೇಡವೇ ಬೇಡ. ಅದಕ್ಕೆ ಕಾರಣ ಮುಂದೆ ಬರುತ್ತದೆ.

ಖಾದಿ ಗ್ರಾಮೋದ್ಯೋಗ ಆಯೋಗದ ತೇಲುವ ಡ್ರಮ್ಮಿನ ಮಾದರಿ ಹಳೆಯದು. ಅದರ ಕಬ್ಬಿಣದ ಡ್ರಮ್ಮು ಗ್ಯಾಸು ತುಂಬಿದಂತೆ ಮೇಲೇಳುತ್ತದೆ, ಖರ್ಚಾದಂತೆ ಇಳಿಯುತ್ತದೆ. ದೀನಬಂಧುವನ್ನು ಆಫ್‌ಪ್ರೊ (ಆ್ಯಕ್ಷನ್ ಫಾರ್ ಫುಡ್ ಪ್ರೊಡಕ್ಷನ್) ಎಂಬ ಸ್ವಯಂಸೇವಾ ಸಂಸ್ಥೆ 1984ರಲ್ಲಿ ರೂಪಿಸಿತು. ಇದರಲ್ಲಿ ಅಲುಗಾಡುವ ಭಾಗವೇ ಇಲ್ಲ. ನೆಲದೊಳಗೆ ಇಟ್ಟಿಗೆಯ ಗುಮ್ಮಟ, ಒಂದು ಕಡೆ ಸಗಣಿ ಕಲಸುವ ತೊಟ್ಟಿ, ಇನ್ನೊಂದು ಕಡೆ ಬಗ್ಗಡ (ನೀರು ಬೆರೆಸಿದ ಸಗಣಿ) ಹೊರಬರುವ ತೊಟ್ಟಿ. ಗುಮ್ಮಟದ ಕೆಳಗೆ ಗ್ಯಾಸು ಕೂಡಿದಂತೆ ಅದು ಬಗ್ಗಡವನ್ನು ಒತ್ತಿ ಹೊರತೊಟ್ಟಿಗೆ ಏರಿಸುತ್ತದೆ. ಒಲೆ ಹಚ್ಚಿದಾಗ ಆ ಬಗ್ಗಡ ವಾಪಸು ಇಳಿಯುತ್ತ ಗ್ಯಾಸನ್ನು ಪೈಪಿಗೆ ದೂಡುತ್ತದೆ. ತುಕ್ಕು ಹಿಡಿಯುವ ಡ್ರಮ್ಮಿಲ್ಲ, ಬಣ್ಣ ಬಳಿಯುವ ಕೆಲಸವಿಲ್ಲ. ಬದಲಿಗೆ ಎಲ್ಲ ಭಾರವೂ ಮೇಸ್ತ್ರಿಯ ಕೈಗಾರೆಯ ಮೇಲೆ. ಡ್ರಮ್ಮು ತೂತಾದರೆ ಕಾಣುತ್ತದೆ, ಗುಮ್ಮಟದ ಕೂದಲೆಳೆಯ ಬಿರುಕು ಕಾಣುವುದಿಲ್ಲ.

ಮೊದಲ ಪ್ರಶ್ನೆ ಸಗಣಿಯದು. 1 ಕಿಲೋ ಹಸಿ ಸಗಣಿಗೆ ಹೆಚ್ಚೆಂದರೆ 40 ಲೀಟರ್ ಗ್ಯಾಸು. ಅಂದರೆ 2 ಘನಮೀಟರಿಗೆ ದಿನಕ್ಕೆ 50 ಕಿಲೋ, 1 ಘನಮೀಟರಿಗೆ 25 ಕಿಲೋ. ಪುಸ್ತಕದ ಲೆಕ್ಕದಲ್ಲಿ ಒಂದು ದನಕ್ಕೆ 10 ಕಿಲೋ, ಎಮ್ಮೆಗೆ 15 ಕಿಲೋ ಎಂದಿರುತ್ತದೆ. ಕಟ್ಟಿ ಸಾಕುವ ಜರ್ಸಿ ಮಿಶ್ರತಳಿಗೆ ಅದು ಸರಿ, ಇನ್ನೂ ಹೆಚ್ಚೇ ಬೀಳುತ್ತದೆ. ಹಗಲೆಲ್ಲ ಬೆಟ್ಟದಲ್ಲಿ ಮೇಯುವ ಮಲೆನಾಡು ಗಿಡ್ಡಕ್ಕೆ ಆ ಲೆಕ್ಕ ಹಾಕಿದರೆ ಮೋಸ ಹೋದಂತೆ. ದನವೇ ಸಣ್ಣದು, ಹಗಲಿನ ಸಗಣಿ ಬೆಟ್ಟಕ್ಕೆ, ಕೊಟ್ಟಿಗೆಗೆ ಸಿಗುವುದು ರಾತ್ರಿಯದು ಮಾತ್ರ. ಹಾಗಾಗಿ ತಲೆ ಎಣಿಸಬೇಡಿ, ಬಕೆಟ್ಟು ಎಣಿಸಿ. 10 ಲೀಟರ್ ಬಕೆಟ್ಟು ತುಂಬ ಹಸಿ ಸಗಣಿ ಹೆಚ್ಚು ಕಡಿಮೆ 10 ಕಿಲೋ ಎಂದು ಹಿಡಿದು ಒಂದು ವಾರ ಅಳೆಯಿರಿ. ಆಕಳು ಗಬ್ಬವಾಗಿ ಹಾಲು ಬಿಟ್ಟಾಗ ಮಾರುವ ಯೋಚನೆ ಇದೆಯೇ, ಮನೆಯಲ್ಲಿ ದನ ನೋಡಿಕೊಳ್ಳುವವರ ವಯಸ್ಸೆಷ್ಟು, ಇದನ್ನೂ ಕೇಳಿಕೊಳ್ಳಬೇಕು. ಕೊಟ್ಟಿಗೆ ಖಾಲಿಯಾದ ಮೇಲೆ ಒಣಗಿ ಬಿರಿದ ಗುಂಡಿಗಳು ಊರೂರಲ್ಲಿ ಇವೆ.

ಇನ್ನೊಂದು ಕಡೆಯ ಲೆಕ್ಕ ಅಡುಗೆಮನೆಯದು. ಒಬ್ಬರ ಅಡುಗೆಗೆ ದಿನಕ್ಕೆ ಸುಮಾರು ಕಾಲು ಘನಮೀಟರ್ ಬೇಕು. ಐದು ಜನರಿಗೆ 1.2ರ ಆಸುಪಾಸು. 1 ಘನಮೀಟರ್ ಗೋಬರ್ ಗ್ಯಾಸು 0.43 ಕಿಲೋ ಎಲ್‌ಪಿಜಿಯಷ್ಟು ಶಾಖ ಕೊಡುತ್ತದೆ, 14.2 ಕಿಲೋದ ಒಂದು ಸಿಲಿಂಡರಿಗೆ 33 ಘನಮೀಟರ್ ಸಮ. ದಿನಕ್ಕೆ 1.2 ಉರಿಸುವ ಮನೆಗೆ ನಾಲ್ಕು ವಾರಕ್ಕೊಂದು ಸಿಲಿಂಡರು ಉಳಿಯುತ್ತದೆ. ಒಂದು ಸಿಲಿಂಡರು ಉರಿದರೆ ಗಾಳಿಗೆ ಸೇರುವ ಇಂಗಾಲದ ಡೈಆಕ್ಸೈಡು 42 ಕಿಲೋ. ವರ್ಷಕ್ಕೆ 13 ಸಿಲಿಂಡರು ಹಿಡಿದರೆ ಅರ್ಧ ಟನ್ನಿಗೆ ತುಸು ಮೇಲೆ. ಗೋಬರ್ ಗ್ಯಾಸು ಉರಿದಾಗಲೂ ಹೊಗೆಯಲ್ಲಿ ಇಂಗಾಲ ಇರುತ್ತದೆ, ಆದರೆ ಅದು ದನ ತಿಂದ ಹುಲ್ಲು ಇದೇ ಗಾಳಿಯಿಂದ ಹೀರಿದ್ದು.

ಈಗ ಯಾರೂ ಹೇಳದ ಭಾಗ. ಗೋಬರ್ ಗ್ಯಾಸಿನಲ್ಲಿ ನೂರಕ್ಕೆ 55ರಿಂದ 65 ಪಾಲು ಮಿಥೇನ್, ಉಳಿದದ್ದು ಬಹುತೇಕ ಇಂಗಾಲದ ಡೈಆಕ್ಸೈಡು. ಉರಿಯದೆ ಹಾಗೇ ಗಾಳಿಗೆ ಹೋದ ಮಿಥೇನ್, ನೂರು ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ 27 ಪಟ್ಟು ಹೆಚ್ಚು ಬಿಸಿ ಹಿಡಿಯುತ್ತದೆ. 2 ಘನಮೀಟರ್ ಗ್ಯಾಸಿನಲ್ಲಿ ಮಿಥೇನ್ ಸುಮಾರು 0.8 ಕಿಲೋ. ಗುಣಿಸಿ ನೋಡಿ: ಎರಡು ದಿನದ ಗ್ಯಾಸು ಸೋರಿಹೋದರೆ ಒಂದು ಸಿಲಿಂಡರು ಉರಿಸಿದಷ್ಟೇ ಆಯಿತು. ನೂರಕ್ಕೆ ಐದು ಪಾಲು ದಿನಾ ಸೋರಿದರೂ ವರ್ಷಕ್ಕೆ ಸುಮಾರು 400 ಕಿಲೋ, ಉಳಿಸಿದ್ದರ ಮುಕ್ಕಾಲು ಪಾಲು ಅಲ್ಲೇ ಹೋಯಿತು.

ಸೋರಿಕೆಗಿಂತಲೂ ದೊಡ್ಡ ನಷ್ಟ ಉರಿಸದೆ ಉಳಿದ ಗ್ಯಾಸಿನದು. 50 ಕಿಲೋ ಸಗಣಿ ಹಾಕಿ 1.2 ಘನಮೀಟರ್ ಮಾತ್ರ ಉರಿಸಿದರೆ ಉಳಿದ 0.8 ಎಲ್ಲಿಗೆ ಹೋಗಬೇಕು? ಗುಮ್ಮಟ ತುಂಬಿದ ಮೇಲೆ ಗ್ಯಾಸು ಬಗ್ಗಡವನ್ನು ಕೊನೆಯವರೆಗೆ ಒತ್ತಿ, ಹೊರತೊಟ್ಟಿಯ ಬಾಯಿಯಿಂದ ಗುಳುಗುಳು ಎಂದು ಗುಳ್ಳೆಯಾಗಿ ಹೊರಬೀಳುತ್ತದೆ. ವರ್ಷಕ್ಕೆ ಇದು ಮೂರು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅದೇ ಸಗಣಿ ಗೊಬ್ಬರಗುಂಡಿಗೆ ಸೊಪ್ಪಿನ ಜೊತೆ ಬಿದ್ದಿದ್ದರೆ ಒಳಗೆ ಗಾಳಿಯಾಡುತ್ತಿತ್ತು, ಮಿಥೇನ್ ತೀರ ಕಡಿಮೆ ಆಗುತ್ತಿತ್ತು. ಆದ್ದರಿಂದ ನಮ್ಮ ಖಡಾಖಂಡಿತ ಅಭಿಪ್ರಾಯ: ಎಷ್ಟು ಸಗಣಿ ಸಿಗುತ್ತದೆ ಎಂದು ನೋಡಿ ಹಾಕುವುದಲ್ಲ, ಎಷ್ಟು ಗ್ಯಾಸು ಉರಿಸುತ್ತೇವೆ ಎಂದು ನೋಡಿ ಹಾಕಬೇಕು. 1.2 ಘನಮೀಟರ್ ಸಾಕೆಂದಾದರೆ ಮೂರು ಬಕೆಟ್ಟು ಸಗಣಿ ಗುಂಡಿಗೆ, ಉಳಿದದ್ದು ಗೊಬ್ಬರಕ್ಕೆ. ಬೆಳಿಗ್ಗೆ ಹೊರತೊಟ್ಟಿಯಲ್ಲಿ ದೊಡ್ಡ ದೊಡ್ಡ ಗುಳ್ಳೆ ಒಡೆಯುತ್ತಿದ್ದರೆ ಆ ದಿನದಿಂದಲೇ ಒಂದು ಬಕೆಟ್ಟು ಕಡಿಮೆ ಮಾಡಿ. ನೆಂಟರ ಮನೆಗೆ ನಾಲ್ಕು ದಿನ ಹೋಗುವುದಿದ್ದರೆ ಎರಡು ದಿನ ಮೊದಲೇ ಸಗಣಿ ಹಾಕುವುದನ್ನು ನಿಲ್ಲಿಸಿ. ಆಗಲೂ ಒಳಗಿರುವ ಬಗ್ಗಡದಿಂದ ಗ್ಯಾಸು ಬರುತ್ತಲೇ ಇರುತ್ತದೆ, ಪಕ್ಕದ ಮನೆಯವರು ಬಂದು ಹಂಡೆ ನೀರು ಕಾಯಿಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಹಂಡೆಯ ವಿಷಯ ಬಂದದ್ದರಿಂದ ಅದನ್ನೂ ಹೇಳಬೇಕು. 100 ಲೀಟರ್ ನೀರಿನ ಬಿಸಿ 20 ಡಿಗ್ರಿ ಏರಿಸಲು ಸುಮಾರು ಮುಕ್ಕಾಲು ಘನಮೀಟರ್ ಗ್ಯಾಸು, ಸಾಮಾನ್ಯ ಬರ್ನರಿನಲ್ಲಿ ಒಂದೂ ಮುಕ್ಕಾಲು ಗಂಟೆ ಬೇಕು. ಐದು ಬಕೆಟ್ಟು ಸಗಣಿ ನಿತ್ಯ ಸಿಗುವ ಮನೆಯಲ್ಲಿ ಅಡುಗೆ ಮುಗಿಸಿ ಉಳಿದದ್ದನ್ನು ಬಚ್ಚಲಿಗೆ ಒಯ್ದರೆ ಲೆಕ್ಕ ಸರಿಹೋಗುತ್ತದೆ, ಬೆಟ್ಟದ ಕಟ್ಟಿಗೆಯೂ ಉಳಿಯುತ್ತದೆ. ಬಚ್ಚಲಿಗೆ ಇನ್ನೊಂದು ಬರ್ನರು ಇಡಲು ಪೈಪು ಎಳೆಯುವಾಗಲೇ ಒಂದು ಟೀ ಜಾಯಿಂಟು (ಪೈಪು ಕವಲೊಡೆಯುವ ತುಂಡು) ಬಿಟ್ಟುಕೊಳ್ಳಿ. ಚಳಿಗಾಲದಲ್ಲಿ ಗ್ಯಾಸು ಇಳಿಯುವುದರಿಂದ ಬಚ್ಚಲಿಗೆ ಆಗ ಸಾಲದು. ಅಡಿಕೆ ಬೇಯಿಸಲಿಕ್ಕೂ ಇದು ಆಗುವುದಿಲ್ಲ, ಆಸೆ ಬೇಡ.

ದಿನದ ಕೆಲಸ ಕಾಲು ಗಂಟೆಯದು. ಕಲಸುವ ತೊಟ್ಟಿಯ ತಳದ ತೂತಿಗೆ ಬಿರಡೆ ಹಾಕಿ, ಸಗಣಿಯಷ್ಟೇ ನೀರು ಹೊಯ್ದು, ಗಂಟು ಉಳಿಯದಂತೆ ಕಲಸಿ. ಬಗ್ಗಡ ದೋಸೆ ಹಿಟ್ಟಿನ ಹದಕ್ಕಿರಬೇಕು. ತೀರ ಗಟ್ಟಿಯಾದರೆ ಗ್ಯಾಸು ಮೇಲೆ ಬರಲಾರದು, ಪೈಪಿನಲ್ಲಿ ಕಟ್ಟುತ್ತದೆ; ತೀರ ತೆಳ್ಳಗಾದರೆ ನಾರು ಮೇಲೆ, ಮಣ್ಣು ಕೆಳಗೆ, ನಡುವೆ ಬರೀ ನೀರು. ಮಳೆಗಾಲದಲ್ಲಿ ಹಸಿ ಹುಲ್ಲು ತಿಂದ ದನದ ಸಗಣಿ ತಾನೇ ನೀರಾಗಿರುತ್ತದೆ, ಆಗ ಮುಕ್ಕಾಲು ಬಕೆಟ್ಟು ನೀರೇ ಸಾಕು. ಕಲಸಿದ ಮೇಲೆ ಎರಡು ಮೂರು ನಿಮಿಷ ಬಿಟ್ಟರೆ ಮರಳು, ಕಲ್ಲು ತಳಕ್ಕೆ ಕೂರುತ್ತದೆ. ಆಮೇಲೆ ಬಿರಡೆ ತೆಗೆದು ಬಗ್ಗಡ ಬಿಡಿ, ಕೊನೆಯ ನಾಲ್ಕು ಚೊಂಬು ಬಿಡದೆ ಎತ್ತಿ ಹೊರಗೆ ಚೆಲ್ಲಿ. ಈ ಕೊನೆಯ ನಾಲ್ಕು ಚೊಂಬಿನ ಅಭ್ಯಾಸವಿಲ್ಲದ ಮನೆಗಳಲ್ಲಿ ಕೆಲವೇ ವರ್ಷಕ್ಕೆ ಗುಂಡಿಯ ತಳದಲ್ಲಿ ಮಣ್ಣು ಹೂತು, ಹೊಟ್ಟೆ ಸಣ್ಣದಾಗಿ, ಹಾಕಿದ ಸಗಣಿ ಪೂರ್ತಿ ಕೊಳೆಯುವ ಮೊದಲೇ ಹೊರಬರುತ್ತದೆ. ಕೊಳೆಯಲಿಕ್ಕೆ 40ರಿಂದ 55 ದಿನ ಒಳಗಿರಬೇಕು.

ಏಪ್ರಿಲ್-ಮೇಯಲ್ಲಿ ಬಾವಿಯ ನೀರು ತಳ ಕಂಡಾಗ ದಿನಕ್ಕೆ 30 ಲೀಟರ್ ಎಲ್ಲಿಂದ ತರುವುದು ಎಂಬುದು ನ್ಯಾಯವಾದ ಪ್ರಶ್ನೆ. ಕೊಟ್ಟಿಗೆ ತೊಳೆದ ನೀರು, ಅಕ್ಕಿ ತೊಳೆದ ನೀರು ನಡೆಯುತ್ತದೆ. ಹೊರತೊಟ್ಟಿಯ ಬಗ್ಗಡದ ತೆಳು ನೀರನ್ನೇ ಅರ್ಧದಷ್ಟು ವಾಪಸು ಬೆರೆಸಬಹುದು, ಅದರಲ್ಲಿ ಬೇಕಾದ ಸೂಕ್ಷ್ಮಜೀವಿಗಳೂ ಇರುತ್ತವೆ. ಸಾಬೂನು, ಫಿನಾಯಿಲು, ಬ್ಲೀಚಿಂಗ್ ಪುಡಿ ತಗುಲಿದ ನೀರು ಮಾತ್ರ ಒಂದು ಚೊಂಬೂ ಬೇಡ. ಒಳಗಿನ ಜೀವಿಗಳು ಸತ್ತರೆ ಗ್ಯಾಸು ಮತ್ತೆ ಹುಟ್ಟಲು ವಾರಗಟ್ಟಲೆ ಕಾಯಬೇಕು. ಕೆಚ್ಚಲು ಬಾವು ಬಂದು ಆಂಟಿಬಯೋಟಿಕ್ ಇಂಜೆಕ್ಷನ್ ಆದ ಆಕಳ ಸಗಣಿಯನ್ನೂ ಆ ದಿನಗಳಲ್ಲಿ ಬೇರೆ ಹಾಕಬೇಕು.

ಅಡುಗೆಮನೆಯ ಉಳಿಕೆ ಹಾಕಬಹುದು, ಹಳಸಿದ ಅನ್ನ, ಗಂಜಿ, ಕೊಚ್ಚಿದ ತರಕಾರಿ ಸಿಪ್ಪೆ. ಸಗಣಿಯ ಹತ್ತನೇ ಒಂದು ಪಾಲು ಮೀರದಿದ್ದರೆ ತೊಂದರೆಯಿಲ್ಲ. ಮದುವೆ ಮನೆಯ ಅನ್ನ ಸಾರೆಲ್ಲ ಒಂದೇ ದಿನ ಸುರಿದರೆ ಒಳಗೆ ಹುಳಿಯೇರಿ ಗ್ಯಾಸಿನಲ್ಲಿ ಮಿಥೇನ್ ಇಳಿದುಹೋಗುತ್ತದೆ, ಒಲೆ ಹತ್ತುವುದೇ ಇಲ್ಲ. ಹಾಗಾದರೆ ಸಗಣಿ, ಅನ್ನ ಎರಡನ್ನೂ ನಾಲ್ಕೈದು ದಿನ ನಿಲ್ಲಿಸಿ, ಆಮೇಲೆ ಬರೀ ಸಗಣಿಯಿಂದ ನಿಧಾನ ಶುರುಮಾಡಿ. ಲಿಂಬೆ ಸಿಪ್ಪೆ, ಉಪ್ಪಿನಕಾಯಿ, ತೆಂಗಿನ ನಾರು, ಅಡಿಕೆ ಸಿಪ್ಪೆ ಯಾವುದೂ ಬೇಡ.

ಶಿರಸಿ ಕಡೆಯ ದೊಡ್ಡ ತೊಡಕು ಸೊಪ್ಪು. ಕೊಟ್ಟಿಗೆಯಲ್ಲಿ ದನದ ಕಾಲ ಕೆಳಗೆ ಬೆಟ್ಟದ ಸೊಪ್ಪು, ದರಕು (ಉದುರಿದ ಒಣ ಎಲೆ) ಹಾಸಿ, ತುಳಿಸಿ, ಗೊಬ್ಬರ ಮಾಡುವುದು ತೋಟದ ಜೀವಾಳ. ಆದರೆ ಸೊಪ್ಪು ಬೆರೆತ ಸಗಣಿ ಗುಂಡಿಗೆ ಹೋದರೆ ಎಲೆಯೆಲ್ಲ ತೇಲಿ ಮೇಲೆ ಚಾಪೆಯಂಥ ಪದರ ಕಟ್ಟುತ್ತದೆ, ಅದರಡಿಯ ಗ್ಯಾಸು ಗುಮ್ಮಟಕ್ಕೆ ಬರುವುದಿಲ್ಲ. ಎರಡನ್ನೂ ಉಳಿಸಿಕೊಳ್ಳುವ ದಾರಿ ಇದೆ: ಹಾಲಿನ ದನ ಕಟ್ಟುವ ಕಡೆ ಗಚ್ಚು ಮಾಡಿ ಅಲ್ಲಿಯ ಶುದ್ಧ ಸಗಣಿ ಮಾತ್ರ ಗ್ಯಾಸಿಗೆ, ಕರು, ಗೊಡ್ಡು ಕಟ್ಟುವ ಕಡೆ ಸೊಪ್ಪು ಹಾಸು. ಹೊರಬಂದ ಬಗ್ಗಡವನ್ನು ಅದೇ ಸೊಪ್ಪಿನ ಗೊಬ್ಬರದ ಮೇಲೆ ಪದರ ಪದರವಾಗಿ ಹೊಯ್ಯಿರಿ. ಬಗ್ಗಡದ ಸಾರಜನಕ ಅಮೋನಿಯಾ ರೂಪದಲ್ಲಿ ಇರುವುದರಿಂದ ಬಿಸಿಲಿಗೆ ಬಿಟ್ಟರೆ ಹಾರಿಹೋಗುತ್ತದೆ, ಒಣ ಸೊಪ್ಪು ಅದನ್ನು ಹಿಡಿದುಕೊಳ್ಳುತ್ತದೆ, ಸೊಪ್ಪೂ ಬೇಗ ಕಳಿಯುತ್ತದೆ. ಬಗ್ಗಡದ ಗುಂಡಿಗೆ ಮಳೆಗಾಲದ ಮೊದಲು ಸೋಗೆಯ ಮಾಡು, ಸುತ್ತ ಒಂದಡಿ ಏರಿ ಆಗಲೇಬೇಕು. ಇಲ್ಲದಿದ್ದರೆ ಜೂನಿನ ಮೊದಲ ಜೋರು ಮಳೆಗೇ ವರ್ಷದ ಗೊಬ್ಬರ ಹಳ್ಳ ಸೇರುತ್ತದೆ.

ಕಟ್ಟಿಸುವಾಗ ಏನು ನೋಡಬೇಕು? ಜಾಗ ಬಿಸಿಲಿನದಾಗಿರಲಿ. ಅಡಿಕೆ ತೋಟದ ನೆರಳಲ್ಲಿ, ಹಲಸಿನ ಮರದ ಬುಡದಲ್ಲಿ ಬೇಡ, ಬೇರು ಗಾರೆ ಸೀಳುತ್ತದೆ. ಬಾವಿಯಿಂದ 15 ಮೀಟರ್ ದೂರ, ಅಡುಗೆಮನೆಗೆ ಆದಷ್ಟು ಹತ್ತಿರ. 2 ಘನಮೀಟರಿನದಕ್ಕೆ ಸುಮಾರು 1000 ಇಟ್ಟಿಗೆ, 14ರಿಂದ 16 ಚೀಲ ಸಿಮೆಂಟು, ಜಲ್ಲಿ, ಮರಳು, ಹೊರತೊಟ್ಟಿಯ ಮುಚ್ಚಳಕ್ಕೆ ಕಬ್ಬಿಣ, ಒಳಹೋಗುವ 6 ಇಂಚಿನ ಪೈಪು ಬೇಕು. ಇಟ್ಟಿಗೆಯ ದರ ಸಿದ್ದಾಪುರಕ್ಕೂ ಕಾರವಾರಕ್ಕೂ ಒಂದೇ ಇರುವುದಿಲ್ಲ, ಈ ಲೆಕ್ಕ ಹಿಡಿದು ನಿಮ್ಮೂರಿನ ದರಕ್ಕೆ ಗುಣಿಸಿಕೊಳ್ಳಿ. ಗುಮ್ಮಟಕ್ಕೆ ಚಿರೆಕಲ್ಲು ಬೇಡ. ಗೋಡೆಗೆ ಎಷ್ಟೇ ಒಳ್ಳೆಯದಾದರೂ ಅದರ ಮೈತುಂಬ ರಂಧ್ರ, ಗ್ಯಾಸು ನಿಲ್ಲುವುದಿಲ್ಲ. ಇಟ್ಟಿಗೆ ಚೆನ್ನಾಗಿ ಬೆಂದಿರಬೇಕು, ಕಟ್ಟುವ ಮೊದಲು ನೀರಲ್ಲಿ ನೆನೆದಿರಬೇಕು. ಗುಮ್ಮಟ ಏಳುತ್ತಿದ್ದಂತೆ ಹೊರಗಿನಿಂದ ಮಣ್ಣು ತುಂಬಿ ದಮ್ಮಸು ಹೊಡೆಯುತ್ತ ಹೋಗಬೇಕು, ಒಳಗಿನ ಒತ್ತಡ ತಡೆಯುವುದು ಆ ಮಣ್ಣೇ. ಒಳಗಾರೆ ಕನಿಷ್ಠ ಮೂರು ಕೈ, ಕೊನೆಗೆ ಸಿಮೆಂಟು ಹಾಲು. ಕ್ಯೂರಿಂಗಿಗೆ ಎರಡು ವಾರ ನೀರು ಹೊಡೆಯಿರಿ. ಮೇಸ್ತ್ರಿಗೆ ಮುಂದಿನ ಊರಿನ ಕೆಲಸದ ಗಡಿಬಿಡಿ ಇರುತ್ತದೆ, ಇಲ್ಲಿ ಉಳಿಸಿದ ನಾಲ್ಕು ದಿನ ಮುಂದಿನ ಇಪ್ಪತ್ತು ವರ್ಷ ಸೋರುತ್ತದೆ.

ಮೊದಲ ಸಲ ತುಂಬಲು ಎರಡು ಟನ್ನಿಗೂ ಹೆಚ್ಚು ಸಗಣಿ ಬೇಕು. ಅಕ್ಕಪಕ್ಕದ ಕೊಟ್ಟಿಗೆಗಳಿಂದ ಒಟ್ಟುಮಾಡಿ ಆದಷ್ಟು ಬೇಗ ತುಂಬಿಸಿ. ತಿಂಗಳುಗಟ್ಟಲೆ ರಾಶಿ ಹಾಕಿಟ್ಟ ಸಗಣಿಯಲ್ಲಿ ಸತ್ವ ಉಳಿದಿರುವುದಿಲ್ಲ. ನಡೆಯುತ್ತಿರುವ ಇನ್ನೊಂದು ಗುಂಡಿಯ ಬಗ್ಗಡ ಹತ್ತು ಕೊಡ ತಂದು ಬೆರೆಸಿದರೆ ಗ್ಯಾಸು ಬೇಗ ಹುಟ್ಟುತ್ತದೆ. ಹತ್ತರಿಂದ ಇಪ್ಪತ್ತು ದಿನಕ್ಕೆ ಬರುವ ಮೊದಲ ಗ್ಯಾಸು ಉರಿಯುವುದಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಒಂದೆರಡು ಸಲ ಹೊರಗೆ ಬಿಟ್ಟು ಆಮೇಲೆ ಒಲೆಯಲ್ಲಿ ಹಚ್ಚಿ ನೋಡಿ. ಗುಮ್ಮಟದ ಮೇಲಿನ ಪೈಪಿನ ಬಾಯಿಗೇ ಬೆಂಕಿ ಕಡ್ಡಿ ಹಿಡಿದು ಪರೀಕ್ಷಿಸುವವರಿದ್ದಾರೆ. ಒಳಗೆ ಗಾಳಿ ಬೆರೆತಿದ್ದರೆ ಜ್ವಾಲೆ ಹಿಂದಕ್ಕೆ ಓಡಿ ಗುಮ್ಮಟವೇ ಒಡೆಯಬಹುದು.

ಒಲೆ ಗೋಬರ್ ಗ್ಯಾಸಿನದೇ ಆಗಬೇಕು. ಎಲ್‌ಪಿಜಿ ಒಲೆಯ ಜೆಟ್ಟಿನ ತೂತು ಸಣ್ಣದು, ಇದರ ಒತ್ತಡಕ್ಕೆ ಸಾಲುವುದಿಲ್ಲ. ಗಂಟೆಗೆ 450 ಲೀಟರಿನ ಬರ್ನರು ಮನೆಗೆ ಸರಿ. ಗುಮ್ಮಟ ತುಂಬಿರುವಾಗ ಉರಿ ಜೋರು, ಖಾಲಿಯಾಗುತ್ತ ಮಂದ. ಹಾಗಾಗಿ ಬೆಳಿಗ್ಗೆ ಒಲೆಯ ಕಾಕನ್ನು (ಗ್ಯಾಸಿನ ತಿರುಪನ್ನು) ಕಾಲು ಭಾಗ ಮಾತ್ರ ತೆರೆದು ಅನ್ನ, ಬೇಳೆ ಮೊದಲು ಇಟ್ಟು, ಒಗ್ಗರಣೆ, ಚಹಾ ಕೊನೆಗೆ ಇಟ್ಟುಕೊಳ್ಳುವುದು ಜಾಣತನ.

ಕೆಟ್ಟಾಗ ಎಲ್ಲಿ ಕೆಟ್ಟಿದೆ ಎಂದು ಕಂಡುಹಿಡಿಯುವುದು ಈ ಮಾದರಿಯಲ್ಲಿ ಬಹಳ ಸುಲಭ, ನಮಗೆ ಅತಿ ಮೆಚ್ಚಿಗೆಯಾದ ಗುಣ ಇದೇ. ಹೊರತೊಟ್ಟಿಯೇ ಮೀಟರು. ತೊಟ್ಟಿಯ ಗೋಡೆಗೆ ಇಂಚಿಗೊಂದರಂತೆ ಬಣ್ಣದ ಗೆರೆ ಎಳೆದಿಡಿ. ಬಗ್ಗಡ ಮೇಲೆ ಇದೆ, ಒಲೆಗೆ ಮಾತ್ರ ಗ್ಯಾಸಿಲ್ಲ ಎಂದರೆ ಗ್ಯಾಸು ಗುಮ್ಮಟದಲ್ಲಿದೆ, ಪೈಪು ಕಟ್ಟಿದೆ. ನೂರಕ್ಕೆ ತೊಂಬತ್ತು ಸಲ ನೀರು. ಗ್ಯಾಸಿನಲ್ಲಿ ಬರುವ ಹಬೆ ತಣಿದು ಪೈಪಿನ ತಗ್ಗಿನಲ್ಲಿ ನಿಲ್ಲುತ್ತದೆ, ಉರಿ ಲಬಲಬ ಕುಣಿಯುವುದೇ ಅದರ ಮುನ್ಸೂಚನೆ. ಪೈಪನ್ನು ಒಂದೇ ಇಳಿಜಾರಿಗೆ ಎಳೆದು, ಅತಿ ತಗ್ಗಿನ ಕಡೆ ನೀರು ಬಸಿಯುವ ಕಾಕು ಇಟ್ಟು, ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದರೆ ಸಾಕು.

ಬಗ್ಗಡವೂ ಕೆಳಗೆ, ಗ್ಯಾಸೂ ಇಲ್ಲ ಎಂದಾದರೆ ರಾತ್ರಿ ಗುಮ್ಮಟದ ಮೇಲಿನ ಮುಖ್ಯ ವಾಲ್ವು ಬಂದ್ ಮಾಡಿ ಮಟ್ಟದ ಗೆರೆ ಗುರುತಿಸಿ. ಬೆಳಿಗ್ಗೆ ಮಟ್ಟ ಏರಿದ್ದರೆ ಸೋರುತ್ತಿರುವುದು ಪೈಪಿನಲ್ಲಿ: ಒಂದೊಂದೇ ಜಾಯಿಂಟಿಗೆ ಸಾಬೂನು ನೊರೆ ಹಚ್ಚಿ ಗುಳ್ಳೆ ನೋಡಿ. ಏರದಿದ್ದರೆ ತೊಂದರೆ ಗುಮ್ಮಟದ್ದು, ಇಲ್ಲವೇ ಒಳಗೆ ಗ್ಯಾಸೇ ಹುಟ್ಟುತ್ತಿಲ್ಲ. ಗುಮ್ಮಟದ ತಲೆಯ ಮಣ್ಣು ಸರಿಸಿ, ಪೈಪು ಕೂಡುವಲ್ಲಿ ನೀರು ನಿಲ್ಲಿಸಿದರೆ ಬಿರುಕಿದ್ದ ಕಡೆ ಗುಳ್ಳೆ ಏಳುತ್ತದೆ. ತಿಂಗಳಿಗೊಮ್ಮೆ ಈ ವಾಲ್ವಿನ ಪರೀಕ್ಷೆ ಮಾಡುವ ಅಭ್ಯಾಸ ಒಂದಿದ್ದರೆ ಮೇಲೆ ಹೇಳಿದ 400 ಕಿಲೋದಂಥ ನಷ್ಟವನ್ನು ಬಹಳಷ್ಟು ತಪ್ಪಿಸಬಹುದು.

ಉರಿ ಹಳದಿಯಾಗಿ ಪಾತ್ರೆಗೆ ಮಸಿ ಹಿಡಿದರೆ ಬರ್ನರಿಗೆ ಗಾಳಿ ಸಾಲದು, ಗಾಳಿಯ ಕಿಂಡಿ ಸ್ವಲ್ಪ ತೆರೆಯಿರಿ. ಉರಿ ಬರ್ನರು ಬಿಟ್ಟು ಮೇಲೆ ಹಾರಿದರೆ ಕಿಂಡಿ ಮುಚ್ಚಿ. ಕೊಳೆತ ಮೊಟ್ಟೆಯ ವಾಸನೆ ಗಂಧಕದ ಅನಿಲದ್ದು. ಅಡುಗೆಮನೆಯಲ್ಲಿ ಆ ವಾಸನೆ ಬಂದರೆ ಕಡ್ಡಿ ಗೀರಬೇಡಿ, ಸ್ವಿಚ್ಚು ಮುಟ್ಟಬೇಡಿ, ಕಿಟಕಿ ತೆರೆದು ಮುಖ್ಯ ವಾಲ್ವು ಬಂದ್ ಮಾಡಿ. ಇದೇ ಅನಿಲ ಹಿತ್ತಾಳೆಯ ಕಾಕುಗಳನ್ನು ತಿನ್ನುತ್ತದೆ, ಅವನ್ನು ಆಗಾಗ ಬದಲಿಸುವ ಖರ್ಚು ಇದ್ದದ್ದೇ.

ಒಂದು ಮಾತು ಒತ್ತಿ ಹೇಳಬೇಕು. ಗುಂಡಿಯೊಳಗೆ ಯಾವ ಕಾರಣಕ್ಕೂ ಇಳಿಯಬೇಡಿ, ಬಿದ್ದ ಬಕೆಟ್ಟು ತೆಗೆಯಲಿಕ್ಕೂ ಬೇಡ. ಒಳಗೆ ಉಸಿರಾಡುವ ಗಾಳಿ ಇರುವುದಿಲ್ಲ, ಒಬ್ಬರನ್ನು ಎತ್ತಲು ಹೋದ ಇನ್ನೊಬ್ಬರೂ ಅಲ್ಲೇ ಬೀಳುತ್ತಾರೆ. ತಳದ ಮಣ್ಣು ತೆಗೆಸುವುದಿದ್ದರೆ ಪೂರ್ತಿ ಖಾಲಿ ಮಾಡಿ, ದಿನಗಟ್ಟಲೆ ತೆರೆದಿಟ್ಟು, ಬ್ಲೋವರಿನಿಂದ ಗಾಳಿ ಹೊಡೆದು, ಸೊಂಟಕ್ಕೆ ಹಗ್ಗ ಕಟ್ಟಿ ಮೇಲೆ ಇಬ್ಬರು ಹಿಡಿದಿರುವ ತರಬೇತಿಯವರಿಂದಲೇ ಮಾಡಿಸಬೇಕು. ಹೊರತೊಟ್ಟಿಯ ಮೇಲಿನ ಚಪ್ಪಡಿ ಮಕ್ಕಳಿಗೂ ಕರುಗಳಿಗೂ ಸರಿಯದಷ್ಟು ಭಾರವಿರಲಿ.

ಘಟ್ಟದ ಮೇಲೆ ಡಿಸೆಂಬರ್, ಜನವರಿಯಲ್ಲಿ ಗ್ಯಾಸು ಕಡಿಮೆಯಾಗುವುದು ದೋಷವಲ್ಲ, ಚಳಿ. ನೀರನ್ನು ಬಿಸಿಲಲ್ಲಿ ಕಾಯಲು ಬಿಟ್ಟು ಬೆಳಿಗ್ಗೆಗೆ ಬದಲು ಮಧ್ಯಾಹ್ನ ಕಲಸಿ ಹಾಕುವುದು, ಗುಮ್ಮಟದ ಮೇಲೆ ಒಂದಡಿ ದರಕು ಅಥವಾ ಕರಡ (ಒಣ ಹುಲ್ಲು) ಹೊದೆಸುವುದು, ಇಷ್ಟರಿಂದ ಸ್ವಲ್ಪ ಸುಧಾರಿಸುತ್ತದೆ.

ಕರಾವಳಿಯಲ್ಲಿ ಚಳಿಯ ತೊಂದರೆಯಿಲ್ಲ, ನೀರಿನ ತೊಂದರೆ ಇದೆ. ಕಾರವಾರ, ಕುಮಟಾ, ಹೊನ್ನಾವರದ ಹೊಳೆ ದಂಡೆ, ಗದ್ದೆ ಬದಿಯ ಮನೆಗಳಲ್ಲಿ ಮಳೆಗಾಲಕ್ಕೆ ನಾಲ್ಕಡಿ ಅಗೆದರೆ ನೀರು. ಬೇಸಿಗೆಯಲ್ಲಿ ಒಣಗಿದ ಗುಂಡಿ ನೋಡಿ ದೀನಬಂಧು ಕಟ್ಟಿಸಿ, ಆಗಸ್ಟಿನಲ್ಲಿ ಕೆಳಗಿನ ನೀರಿನ ಒತ್ತಡಕ್ಕೆ ತಳ ಬಿರಿದರೆ ಆ ಗುಂಡಿ ಮುಗಿಯಿತು. ಪಕ್ಕದ ಬಾವಿಯ ಮಳೆಗಾಲದ ನೀರಿನ ಮಟ್ಟ ಕೇಳಿಕೊಂಡು, ಅದಕ್ಕಿಂತ ತಳ ಮೇಲಿರುವಂತೆ ದಿಬ್ಬ ಮಾಡಿ ಕಟ್ಟಬೇಕು. ಅದಾಗದಿದ್ದರೆ ನೆಲದ ಮೇಲಿಡುವ ಫೈಬರಿನ ತೇಲುವ ಡ್ರಮ್ಮಿನದೇ ಒಳ್ಳೆಯದು. ಕಬ್ಬಿಣದ ಡ್ರಮ್ಮನ್ನು ಉಪ್ಪುಗಾಳಿ ಬೇಗ ತಿನ್ನುತ್ತದೆ. ದನವಿಲ್ಲದ ಪೇಟೆ ಮನೆಯವರು ಅಡುಗೆಮನೆ ಉಳಿಕೆಯ ಸಣ್ಣ ಫೈಬರ್ ಘಟಕ ಇಡಬಹುದು, ಶುರುವಿಗೆ ಮಾತ್ರ ಸಗಣಿ ತರಬೇಕು. ಅದರಿಂದ ದಿನದ ಚಹಾ, ಒಂದು ಹೊತ್ತಿನ ಅನ್ನ ಆಗಬಹುದೇ ಹೊರತು ಸಿಲಿಂಡರು ಬಿಡಲಿಕ್ಕಾಗುವುದಿಲ್ಲ. ಮೀನು ತೊಳೆದ ನೀರು, ಮೀನಿನ ಕರುಳು ಅದಕ್ಕೆ ಹೆಚ್ಚು ಬಿದ್ದರೆ ಅಮೋನಿಯಾ ಏರಿ ಕೆಲಸ ನಿಲ್ಲುತ್ತದೆ, ಓಣಿಯೆಲ್ಲ ನಾರುತ್ತದೆ.

ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸು ಬೇರೆಡೆಗಿಂತ ಚೆನ್ನಾಗಿ ನಡೆದದ್ದರ ಬಗ್ಗೆ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2001ರಲ್ಲಿ ಪ್ರಬಂಧವನ್ನೇ ಬರೆದಿದ್ದಾರೆ. ಕಟ್ಟಿದವರೇ ಆಮೇಲೂ ಬಂದು ನೋಡಿಕೊಂಡದ್ದು ಇಲ್ಲಿಯ ಬಲ. ಆದ್ದರಿಂದ ಮೇಸ್ತ್ರಿಯನ್ನು ಆರಿಸುವಾಗ ದರಕ್ಕಿಂತ ಮೊದಲು, ಐದು ವರ್ಷದ ಹಿಂದೆ ಅವರು ಕಟ್ಟಿದ ಎರಡು ಗುಂಡಿಗಳನ್ನು ಬೆಳಿಗ್ಗೆ ಅಡುಗೆ ಹೊತ್ತಿಗೆ ಹೋಗಿ ನೋಡಿ, ಒಲೆ ಹಚ್ಚುವವರ ಹತ್ತಿರವೇ ಕೇಳಿ. ಸಬ್ಸಿಡಿ ಬೇಕಿದ್ದರೆ ಗುಂಡಿ ತೋಡುವ ಮೊದಲೇ ತಾಲೂಕು ಪಂಚಾಯತಿಯಲ್ಲಿ ವಿಚಾರಿಸಿ ಅರ್ಜಿ ಹಾಕಬೇಕು, ಕಟ್ಟಿದ ಮೇಲೆ ಕೇಳಿದರೆ ಸಿಗದಿರಬಹುದು. ಮಾರ್ಚ್, ಏಪ್ರಿಲಿನಲ್ಲಿ ಕಟ್ಟಿ, ಮಳೆಗೆ ಮೊದಲು ಗ್ಯಾಸು ಹುಟ್ಟುವಂತೆ ನೋಡಿಕೊಳ್ಳಿ. ಕೂಲಿಯ ಕೊನೆಯ ಕಂತನ್ನು ಗುಂಡಿ ತುಂಬಿದ ದಿನ ಕೊಡಬೇಡಿ. ಒಲೆ ಹತ್ತಿ, ರಾತ್ರಿ ವಾಲ್ವು ಬಂದ್ ಮಾಡಿ, ಬೆಳಿಗ್ಗೆ ಹೊರತೊಟ್ಟಿಯ ಬಗ್ಗಡ ಗೆರೆಯಿಂದ ಮೇಲಕ್ಕೆ ಏರಿದ್ದನ್ನು ಮೇಸ್ತ್ರಿಯ ಎದುರಿಗೇ ನೋಡಿ, ಆಮೇಲೆ ಕೊಡಿ.